ಬೇಸಿಗೆಯ ಅರವಟ್ಟಿಗೆ

ಚೈತ್ರ ಕಳೆದು ವೈಶಾಖ ಕಾಲಿಡುತ್ತಲೇ ನಮ್ಮ ಹಿರಿಯರು ದಾರಿಯ ಬದಿಗೆ ಅರವಟ್ಟಿಗೆ ಇಡುತ್ತಿದ್ದರು. ನಾಲ್ಕು ಗಳ ನೆಟ್ಟು ಹಾಕಿದ ಒಂದು ಚಪ್ಪರ, ಹಸಿ ಮರಳಿನ ಮೇಲೆ ಎರಡು ಮಣ್ಣಿನ ಹರವಿ, ಒಂದು ತಂಬಿಗೆ. ಇಷ್ಟೇ ಅದರ ಸಂಸಾರ. ಬಂದವನ ಜಾತಿಯನ್ನಾಗಲಿ ಊರನ್ನಾಗಲಿ ಕೇಳದೆ ನೀರೆರೆಯುವುದೇ ಅದರ ಧರ್ಮವೆಂದು ಒಳ್ಳೆಯವರು ಬಗೆದಿದ್ದರು. ನಮ್ಮ ನಾಡಿನ ಶಾಸನಗಳಲ್ಲಿ ಕೆರೆ, ಬಾವಿ, ಛತ್ರಗಳ ಜೊತೆಗೆ ಅರವಂಟಿಗೆಗೂ ಭೂಮಿ ಬಿಟ್ಟ ಉಲ್ಲೇಖಗಳಿವೆ. ಮಳೆಗಾಲದಲ್ಲಿ ಯಾರೂ ಅರವಟ್ಟಿಗೆ ಇಡುವುದಿಲ್ಲ. ದಾನಕ್ಕೆ ಕಾಲವೂ ಮುಖ್ಯವೆಂಬುದನ್ನು ಹಿರಿಯರು ಬಲ್ಲವರಾಗಿದ್ದರು.

ವಾಚಕರೆ, ಬೇಸಿಗೆಯಲ್ಲಿ ಬತ್ತುವುದು ಹಳ್ಳ ಬಾವಿಗಳ ನೀರೊಂದೇ ಏನು? ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ ಶಾಲೆಯ ಬಾಗಿಲು ಮುಚ್ಚಿತೆಂದರೆ ಮೇ ತಿಂಗಳ ಕೊನೆಯವರೆಗೆ ನಮ್ಮ ಮಕ್ಕಳಲ್ಲಿ ಎಷ್ಟೋ ಜನರ ಕಣ್ಣಿಗೆ ಅಚ್ಚಾದ ಒಂದು ಸಾಲೂ ಬೀಳುವುದಿಲ್ಲ. ಜೂನಿನಲ್ಲಿ ತಿರುಗಿ ಬಂದಾಗ ಒತ್ತಕ್ಷರದ ಹತ್ತಿರ ನಾಲಗೆ ತಡೆಯುತ್ತದೆ. ಮೂವತ್ತು ವರ್ಷ ಕನ್ನಡ ಕಲಿಸಿದ ನನಗೆ ಈ ತಡೆ ಚೆನ್ನಾಗಿ ಪರಿಚಿತವಾದದ್ದು. ಈ ಬತ್ತುವಿಕೆಗೂ ಒಂದು ಅರವಟ್ಟಿಗೆಯುಂಟು. ಅದರ ಹೆಸರು ಗ್ರಂಥಾಲಯ. ಅದು ಎಲ್ಲಿಂದ ಬಂದಿತು, ಮಕ್ಕಳಿಗೆ ಅದರ ಬಾಗಿಲು ಎಂದು ತೆರೆಯಿತು, ಬೇಸಿಗೆಯಲ್ಲಿ ತೆರೆದಿಡಬೇಕೆಂಬ ಬುದ್ಧಿ ಯಾರಿಗೆ ಹೊಳೆಯಿತು, ಎಂಬ ಕಥೆಯನ್ನು ಈ ಸಲ ನಿಮ್ಮ ಮುಂದಿಡುತ್ತೇನೆ.

ಕಥೆಯನ್ನು ನಮ್ಮ ಸೀಮೆಯಿಂದಲೇ ತೊಡಗೋಣ. ಕಿತ್ತೂರಿನಿಂದ ಕೆಲವೇ ಮೈಲಿ ದೂರದಲ್ಲಿ ದೇಗಾಂವ ಎಂಬ ಊರಿದೆ. ಅಲ್ಲಿಯ ಕಮಲನಾರಾಯಣ ದೇವಾಲಯವನ್ನು ಕಾಣದವರು ಒಮ್ಮೆ ಹೋಗಿ ಕಾಣಬೇಕು. ಹನ್ನೆರಡನೆಯ ಶತಮಾನದಲ್ಲಿ ಗೋವೆಯ ಕದಂಬರ ಅರಸನಾದ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದ ಗುಡಿ ಅದು. ಒಂದೇ ಸಾಲಿನಲ್ಲಿ ಮೂರು ಗರ್ಭಗೃಹಗಳು. ತಿಪ್ಪೋಜನೆಂಬ ಶಿಲ್ಪಿಯ ಕೈಕೆಲಸ. ರಾಣಿಯು ಗುಡಿಯನ್ನಷ್ಟೇ ಕಟ್ಟಿಸಿ ಸುಮ್ಮನಾಗಲಿಲ್ಲ. ಅಲ್ಲಿ ಅಗ್ರಹಾರವನ್ನೂ ನೆಲೆಗೊಳಿಸಿದಳು. ಅಗ್ರಹಾರವೆಂದರೆ ಮನೆಗಳ ಸಾಲು ಮಾತ್ರವಲ್ಲ. ಓದು ಬರಹ ಬಲ್ಲವರನ್ನು ತಂದಿರಿಸಿ, ಅವರ ಜೀವನಕ್ಕೆ ಭೂಮಿ ಬಿಟ್ಟು, ಅವರಿಂದ ವಿದ್ಯೆ ಮುಂದಿನ ಪೀಳಿಗೆಗೆ ಹರಿಯುವಂತೆ ಮಾಡುವ ವ್ಯವಸ್ಥೆ. ದೇಗಾಂವದ ಶಾಸನಗಳನ್ನು ಫ್ಲೀಟ್ ಸಾಹೇಬರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಓದಿ ಪ್ರಕಟಿಸಿದರು. ಅಂದು ವಿದ್ಯೆಗಾಗಿ ಭೂಮಿ ಪಡೆದ ಊರಿನಲ್ಲಿ, ಅದರ ಸುತ್ತಣ ನೂರಾರು ಊರುಗಳಲ್ಲಿ, ಇಂದು ಸೂಟಿಯಲ್ಲಿರುವ ಹುಡುಗ ಹುಡುಗಿಯರ ಕೈಗೆ ಒಂದು ಪುಸ್ತಕ ಹೇಗೆ ಬರಬೇಕು? ನಮ್ಮ ಪ್ರಶ್ನೆ ಇದು.

ಪುಸ್ತಕವನ್ನು ಕಾಯ್ದು ಕೊಡುವ ಕೆಲಸಕ್ಕೆ ಸಂಬಳದ ಮನುಷ್ಯನನ್ನಿಡುವುದು ನಮಗೆ ಪಶ್ಚಿಮದವರಿಂದ ಬಂದದ್ದೆಂದು ಕೆಲವರು ತಿಳಿದಿದ್ದಾರೆ. ಹಾಗೇನೂ ಅಲ್ಲ. ಕಲಬುರ್ಗಿ ಜಿಲ್ಲೆಯ ಚಿತ್ತಾಪುರದ ಸಮೀಪದಲ್ಲಿ ನಾಗಾವಿ ಎಂಬ ಸ್ಥಳವಿದೆ. ಚಾಲುಕ್ಯ ಚಕ್ರವರ್ತಿ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದಲ್ಲಿ ಅವನ ದಂಡನಾಯಕ ಮಧುಸೂದನನು ಅಲ್ಲಿ ಒಂದು ಘಟಿಕಾಸ್ಥಾನವನ್ನು ನಡೆಸಲು ದತ್ತಿ ಬಿಟ್ಟನು. 1058ರ ಆ ಶಾಸನದಲ್ಲಿ ವೇದ ಓದುವ ಇನ್ನೂರು ವಿದ್ಯಾರ್ಥಿಗಳೂ, ಶಾಸ್ತ್ರ ಓದುವ ಐವತ್ತೆರಡು ವಿದ್ಯಾರ್ಥಿಗಳೂ ಉಲ್ಲೇಖಗೊಂಡಿದ್ದಾರೆ. ಉಪಾಧ್ಯಾಯರು ಆರು ಮಂದಿ: ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು. ಇವರ ಜೊತೆಗೆ ಗ್ರಂಥಗಳನ್ನು ನೋಡಿಕೊಳ್ಳಲು ಸರಸ್ವತೀ ಭಂಡಾರಿಗರು ಆರು ಮಂದಿ. ಈ ಲೆಕ್ಕವನ್ನು ತುಸು ನಿಂತು ನೋಡಿರಿ. ಕಲಿಸುವವರು ಎಷ್ಟೋ, ಪುಸ್ತಕ ಕಾಯುವವರೂ ಅಷ್ಟೇ! ಒಂಬೈನೂರ ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ನಾಗಾವಿಯಲ್ಲಿ ಇದ್ದ ಈ ಸಮತೂಕವು ಇಂದು ನಮ್ಮ ಯಾವ ಪ್ರೌಢಶಾಲೆಯಲ್ಲಿದೆ?

ಇನ್ನು ಹಣದ ಮಾತು. ವಿಜಯಪುರ ಜಿಲ್ಲೆಯ ಸಾಲೋಟಗಿಯ ಹೆಸರಿನಲ್ಲಿಯೇ ಶಾಲೆಯೊಂದು ಅಡಗಿದೆಯೆಂಬುದು ವಿದ್ವಾಂಸರ ಮತ. ಪಾವಿಟ್ಟಗೆ ಎಂಬುದು ಆ ಊರಿನ ಹಳೆಯ ಹೆಸರು. ಶಾಲೆಯ ಹೆಗ್ಗಳಿಕೆಯಿಂದ ಅದರ ಮುಂದೆ ಆ ಪದವೂ ಸೇರಿಕೊಂಡಿತು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ವಿದ್ಯಾಶಾಲೆಯನ್ನು ಕಟ್ಟಿಸಿದ್ದನು. 945ರ ಶಾಸನದ ಪ್ರಕಾರ ವಿದ್ಯಾರ್ಥಿಗಳ ವಾಸಕ್ಕೆ ಇಪ್ಪತ್ತೇಳು ಮನೆಗಳು, ದೀಪದ ಖರ್ಚಿಗೆಂದೇ ಹನ್ನೆರಡು ನಿವರ್ತನ ಭೂಮಿ. ಅಷ್ಟೇ ಅಲ್ಲದೆ, ಊರಿನ ಮನೆಗಳಲ್ಲಿ ಮದುವೆಯಾದರೆ ಐದು ನಾಣ್ಯ, ಮುಂಜಿಯಾದರೆ ಅದರ ಅರ್ಧ, ಚೌಲವಾದರೆ ಅದರ ಕಾಲು ಭಾಗ ಶಾಲೆಗೆ ಸಲ್ಲಬೇಕೆಂಬ ಕಟ್ಟಳೆ. ವಿದ್ಯೆಗೆ ಊರೇ ಕರ ಕೊಡುವ ಪದ್ಧತಿ ನಮ್ಮಲ್ಲಿ ಎಷ್ಟು ಹಳೆಯದೆಂಬುದನ್ನು ಇದರಿಂದ ತಿಳಿಯಬಹುದು.

ಒಂದು ಮಾತನ್ನು ಮರೆಮಾಚದೆ ಹೇಳಬೇಕು. ನಾಗಾವಿಯ ಸರಸ್ವತೀ ಭಂಡಾರವು ಕುಂಬಾರನ ಮಗಳಿಗೂ ಕುರಿ ಕಾಯುವವನ ಮಗನಿಗೂ ತೆರೆದಿದ್ದ ಭಂಡಾರವಲ್ಲ. ಅದು ದ್ವಿಜ ವಟುಗಳದು. ಪುಸ್ತಕವೂ ಅಂದು ಸುಲಭದ ವಸ್ತುವಲ್ಲ. ಓಲೆಗರಿಯ ಮೇಲೆ ಕಂಟದಿಂದ ಒಂದೊಂದಾಗಿ ಅಕ್ಷರ ಕೊರೆಯಬೇಕು. ಅದರಿಂದಲೇ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಮಾತು ಸಾವಿರ ವರ್ಷವಾದರೂ ಮಾಸಿಲ್ಲ. ಶಾಸ್ತ್ರದಾನವೆಂಬುದು ಜೈನರ ಚತುರ್ವಿಧ ದಾನಗಳಲ್ಲಿ ಒಂದು: ಅನ್ನ, ಅಭಯ, ಔಷಧಗಳ ಸಾಲಿನಲ್ಲಿ ಪುಸ್ತಕ. ದೇಗಾಂವದ ಗುಡಿ ಏಳುತ್ತಿದ್ದ ಅದೇ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಎಲ್ಲ ಕಸುಬಿನವರ ಬಾಯಿಗೂ ವಚನವನ್ನು ಕೊಟ್ಟರು. ಆದರೂ ಬರೆದ ಗ್ರಂಥ ಸರ್ವರ ಕೈಗೆ ಬರಲು ಮುದ್ರಣಯಂತ್ರ ಬರಬೇಕಾಯಿತು.

ಅದು ಬಂದಿತು, ಜೊತೆಗೆ ವಾಚನಾಲಯವೂ ಬಂದಿತು. ಬೆಳಗಾವಿಯ ಸಾರ್ವಜನಿಕ ವಾಚನಾಲಯವು 1848ರಷ್ಟು ಹಳೆಯದು. 1857ರ ದಂಗೆಗಿಂತ ಒಂಬತ್ತು ವರ್ಷ ಹಿರಿದಾದ ಸಂಸ್ಥೆಯಿದು. ಆದರೆ ಅಂದಿನ ವಾಚನಾಲಯಗಳ ಹೊಸ್ತಿಲು ದಾಟಿದವರು ಯಾರು? ಕಚೇರಿಯ ಗುಮಾಸ್ತರು, ವಕೀಲರು, ಮಾಸ್ತರರು. ವರ್ಗಣಿ ಕೊಡಬಲ್ಲ ದೊಡ್ಡವರಿಗಾಗಿ ಇದ್ದ ಮನೆಗಳವು. ಮೇಲಾಗಿ ನಮ್ಮ ಭಾಗದಲ್ಲಿ ಕನ್ನಡವೇ ಹಿಂದೆ ಬಿದ್ದಿತ್ತು. ಕನ್ನಡ ಮಕ್ಕಳು ಮರಾಠಿ ಶಾಲೆಯಲ್ಲಿ ಕಲಿಯುವ ಕಾಲ. ಡೆಪ್ಯುಟಿ ಚನ್ನಬಸಪ್ಪನವರು ಶಿಕ್ಷಣ ಖಾತೆಯಲ್ಲಿದ್ದುಕೊಂಡು ಊರೂರಿಗೆ ಕನ್ನಡ ಶಾಲೆ ತೆರೆಯಿಸಿದರು. 1890ರ ಜುಲೈ 20ರಂದು ಧಾರವಾಡದಲ್ಲಿ ರಾ.ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿ, ಕನ್ನಡ ಗ್ರಂಥಗಳನ್ನು ಬರೆಯಿಸುವ, ಅಚ್ಚು ಹಾಕಿಸುವ ಕಾರ್ಯ ನಡೆಯಿತು. ಓದಲು ಪುಸ್ತಕವಿಲ್ಲದಲ್ಲಿ ಗ್ರಂಥಾಲಯ ಕಟ್ಟಿ ಏನು ಮಾಡುವುದು? ಆ ಹಿರಿಯರು ಮೊದಲು ಬಾವಿ ತೋಡಿದರು. ಅರವಟ್ಟಿಗೆಯ ಮಾತು ಆಮೇಲಿನದು.

ಇದೇ ಹೊತ್ತಿಗೆ ಕಡಲಾಚೆಯ ಅಮೆರಿಕೆಯಲ್ಲಿ ಮಕ್ಕಳ ಓದಿನ ಬಗೆಗೆ ಹೊಸ ವಿಚಾರ ಮೊಳೆಯುತ್ತಿತ್ತು. ಅಲ್ಲಿಯೂ ಮೊದಮೊದಲು ಹನ್ನೆರಡೋ ಹದಿನಾಲ್ಕೋ ವರ್ಷ ತುಂಬದವರಿಗೆ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಪ್ರವೇಶವಿರಲಿಲ್ಲ. ಹಾರ್ಟ್‌ಫರ್ಡ್ ನಗರದ ಗ್ರಂಥಪಾಲಕಿ ಕ್ಯಾರೊಲಿನ್ ಹೆವಿನ್ಸ್ 1882ರಲ್ಲಿ ಮಕ್ಕಳಿಗೆ ತಕ್ಕ ಪುಸ್ತಕಗಳ ಪಟ್ಟಿಯೊಂದನ್ನು ಪ್ರಕಟಿಸಿ ತಂದೆತಾಯಿಗಳ ಕೈಗಿತ್ತಳು. ಕ್ಲೀವ್‌ಲೆಂಡ್ ನಗರದ ಗ್ರಂಥಾಲಯದಲ್ಲಿ ಲಿಂಡಾ ಈಸ್ಟ್‌ಮನ್ ಎಂಬಾಕೆ 1897ರಲ್ಲಿ ಮಕ್ಕಳದೇ ಒಂದು ಗ್ರಂಥಾಲಯ ಸಂಘ ಕಟ್ಟಿದಳು. ಶುದ್ಧ ಮನಸ್ಸು, ಶುದ್ಧ ಕೈ, ಶುದ್ಧ ಪುಸ್ತಕ ಎಂಬುದು ಆ ಸಂಘದ ಧ್ಯೇಯದ ತಿರುಳು. ಪುಸ್ತಕವನ್ನು ಕೆಡಿಸದೆ ಓದುವುದು, ಓದಿ ಮೆಚ್ಚಿದ್ದನ್ನು ಗೆಳೆಯರಿಗೆ ಹೇಳುವುದು, ಇವು ಸದಸ್ಯರ ಕರ್ತವ್ಯ. ಬೇಸಿಗೆ ಓದಿನ ಕಾರ್ಯಕ್ರಮಗಳ ಇತಿಹಾಸ ಬರೆದವರು ಈ ಸಂಘದ ಹೆಸರನ್ನು ಮೊದಲ ಪುಟದಲ್ಲಿ ಬರೆಯುತ್ತಾರೆ. ಅಲ್ಲಿಯ ಶಾಲೆಗಳಿಗೆ ಬೇಸಿಗೆಯ ಸೂಟಿ ದೀರ್ಘವಾದದ್ದು. ಬೀದಿಯಲ್ಲಿ ಅಲೆಯುವ ಮಕ್ಕಳಿಗೆ ನೆರಳೂ ಕಥೆಯೂ ಒಟ್ಟಿಗೆ ಸಿಗುವ ಸ್ಥಳ ಗ್ರಂಥಾಲಯವೇ ಆಯಿತು. ಇಂಗ್ಲೆಂಡಿನಲ್ಲಿ 1999ರಿಂದ ನಡೆದುಬಂದ ಬೇಸಿಗೆ ಓದಿನ ಪಂಥದಲ್ಲಿ ಮಕ್ಕಳು ಸೂಟಿಯೊಳಗೆ ಆರು ಪುಸ್ತಕ ಓದಿ ಮುಗಿಸುವುದೇ ನಿಯಮವಾಗಿ ಬಂದಿತು.

ಆರೇ ಏಕೆ? ಹೆಚ್ಚಿದ್ದರೆ ಮಗು ಹೆದರುತ್ತದೆ. ಒಂದೆರಡಾದರೆ ರೂಢಿ ಹತ್ತುವುದಿಲ್ಲ. ಆರು ವಾರ, ಆರು ಪುಸ್ತಕ, ಲೆಕ್ಕ ಸರಳವಾದುದು. ಇದಕ್ಕೆ ಅಧ್ಯಯನದ ಬೆಂಬಲವೂ ಇದೆ. ಬಾರ್ಬರಾ ಹೇನ್ಸ್ ಎಂಬ ಸಮಾಜಶಾಸ್ತ್ರಜ್ಞೆ ಅಟ್ಲಾಂಟಾ ನಗರದ ಶಾಲಾಮಕ್ಕಳನ್ನು ಸೂಟಿಗೆ ಮೊದಲೂ ಸೂಟಿಯ ನಂತರವೂ ಪರೀಕ್ಷಿಸಿ 1978ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದಳು. ಶಾಲೆ ನಡೆಯುವ ತಿಂಗಳುಗಳಲ್ಲಿ ಬಡವರ ಮಕ್ಕಳೂ ಉಳ್ಳವರ ಮಕ್ಕಳೂ ಹೆಚ್ಚುಕಡಿಮೆ ಜೊತೆಜೊತೆಗೆ ಮುಂದೆ ಸಾಗುತ್ತಾರೆ. ಬೇಸಿಗೆಯಲ್ಲಿ ಮಾತ್ರ ನಡುವಣ ಅಂತರ ಬೆಳೆಯುತ್ತದೆ. ಸೂಟಿಯಲ್ಲಿ ಆರು ಅಥವಾ ಹೆಚ್ಚು ಪುಸ್ತಕ ಓದಿದ ಮಕ್ಕಳು, ಮನೆಯ ಸ್ಥಿತಿ ಹೇಗೇ ಇರಲಿ, ಓದದವರಿಗಿಂತ ಮುಂದಿರುತ್ತಾರೆ. ಆಕೆ ಕಂಡದ್ದರ ಸಾರಾಂಶವಿದು. ಇಂಥ ಮಕ್ಕಳಿಗೆ ಬೇರೆಲ್ಲ ಸಾರ್ವಜನಿಕ ಸಂಸ್ಥೆಗಳಿಗಿಂತ ಹೆಚ್ಚು ನೆರವಾದದ್ದು ಗ್ರಂಥಾಲಯವೆಂಬುದನ್ನೂ ಆಕೆ ಗುರುತಿಸಿದಳು. ನಾವು ತರಗತಿಯಲ್ಲಿ ಕಣ್ಣಾರೆ ಕಂಡು, ಲೆಕ್ಕವಿಡದೆ ಬಿಟ್ಟ ಸಂಗತಿಗೆ ಆಕೆ ಲೆಕ್ಕವಿಟ್ಟಳು, ಅಷ್ಟೆ. ಉಳ್ಳವರ ಮಗು ಬೇಸಿಗೆಯಲ್ಲಿ ಪಟ್ಟಣದ ಶಿಬಿರಕ್ಕೆ ಹೋಗುತ್ತದೆ, ಮನೆಯಲ್ಲಿ ಪುಸ್ತಕವೂ ಇರುತ್ತದೆ. ರೈತ ಕೂಲಿಯ ಮಗು ಹೊಲಕ್ಕೆ ಗೊಬ್ಬರ ಹೇರುವವರ ಹಿಂದೆ ನಡೆಯುತ್ತದೆ, ಇಲ್ಲವೆ ತಮ್ಮ ತಂಗಿಯರನ್ನು ಆಡಿಸುತ್ತದೆ. ದುಡಿಮೆ ಕೀಳಲ್ಲ, ಆದರೆ ಸಂಜೆ ಬಂದಾಗ ಅದರ ಕೈಗೆ ಎಟಕುವಂತೆ ಒಂದು ಪುಸ್ತಕವಿರಬೇಡವೆ?

ಭಾರತದಲ್ಲಿ ಗ್ರಂಥಾಲಯವನ್ನು ಪ್ರಜೆಗಳ ಮನೆ ಬಾಗಿಲಿಗೆ ಮೊದಲು ಕೊಂಡೊಯ್ದವರು ಬಡೋದೆಯ ಸಯಾಜಿರಾವ್ ಗಾಯಕವಾಡ ಮಹಾರಾಜರು. ಶಿಕ್ಷಣವನ್ನು ಕಡ್ಡಾಯ ಮಾಡಿದ ಮೇಲೆ, ಕಲಿತ ಅಕ್ಷರ ಮರೆಯದಂತೆ ಉಳಿಯಬೇಕಾದರೆ ಊರೂರಿಗೆ ಪುಸ್ತಕ ಬೇಕೆಂಬುದನ್ನು ಅವರು ಮನಗಂಡರು. 1910ರಲ್ಲಿ ಅಮೆರಿಕೆಯಿಂದ ಬೋರ್ಡನ್ ಎಂಬ ಗ್ರಂಥಪಾಲಕನನ್ನು ಕರೆಯಿಸಿದರು. ಅವನ ಕೈಯಲ್ಲಿ ಹಳ್ಳಿ ಗ್ರಂಥಾಲಯಗಳು, ಮರದ ಪೆಟ್ಟಿಗೆಯಲ್ಲಿ ಊರಿಂದೂರಿಗೆ ಸಾಗುವ ಸಂಚಾರಿ ಗ್ರಂಥಾಲಯಗಳು, ಮಕ್ಕಳಿಗೆಂದೇ ಪ್ರತ್ಯೇಕ ಕೋಣೆ, ಎಲ್ಲವೂ ರೂಪುಗೊಂಡವು. ಆಮೇಲೆ ಬಂದವರು ಎಸ್.ಆರ್. ರಂಗನಾಥನ್. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಎಂಬುದು ಅವರ ಪಂಚಸೂತ್ರಗಳಲ್ಲಿ ಸೇರಿದೆ. ಆ ಗ್ರಂಥ ಪ್ರಕಟವಾದದ್ದು 1931ರಲ್ಲಿ. ಅದೇ ವರ್ಷ ತಮಿಳುನಾಡಿನ ಮನ್ನಾರ್‌ಗುಡಿಯ ಸುತ್ತಿನ ಹಳ್ಳಿಗಳಿಗೆ ಎತ್ತಿನ ಬಂಡಿಯ ಗ್ರಂಥಾಲಯ ಹೊರಟಿತು. ಈ ಮಹನೀಯರು ತಮ್ಮ ಇಳಿವಯಸ್ಸನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿಯೇ ಗ್ರಂಥಾಲಯ ಶಾಸ್ತ್ರದ ಸಂಶೋಧನ ಕೇಂದ್ರವೊಂದನ್ನು ಸ್ಥಾಪಿಸಿ, 1972ರಲ್ಲಿ ತೀರಿಕೊಂಡರು.

ನಮ್ಮ ಬೆಳಗಾವಿ ಜಿಲ್ಲೆ ಅಂದು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಸರ್ಕಾರ 1939ರಲ್ಲಿ ಫೈಜಿಯವರ ಅಧ್ಯಕ್ಷತೆಯಲ್ಲಿ ಗ್ರಂಥಾಲಯ ಸಮಿತಿಯೊಂದನ್ನು ನೇಮಿಸಿತು. ಪ್ರಾಂತದ ಕೇಂದ್ರದಿಂದ ಹಳ್ಳಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಯೋಜನೆಯನ್ನು ಸಮಿತಿ ಹಾಕಿಕೊಟ್ಟಿತು. ಹಣದ ಕೊರತೆಯಿಂದ ಅದು ಕೆಳಗಿನ ಮೆಟ್ಟಿಲಿಗೆ ಇಳಿಯುವುದು ತಡವಾಯಿತು. ರಾಜ್ಯಗಳ ಪುನರ್ವಿಂಗಡಣೆಯಾಗಿ 1956ರಲ್ಲಿ ನಾವೆಲ್ಲ ಒಂದು ರಾಜ್ಯದಲ್ಲಿ ಕೂಡಿದೆವು. 1965ರಲ್ಲಿ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದಿತು. ಅದೇ ಈಗಿನ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆ. ಅದರ ಮೇರೆಗೆ ನೀವು ಮನೆ ಕಟ್ಟಡಗಳ ತೆರಿಗೆ ತುಂಬುವಾಗ ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿಯಂತೆ ಗ್ರಂಥಾಲಯ ಕರವನ್ನೂ ತುಂಬುತ್ತೀರಿ. ಸಾಲೋಟಗಿಯ ಮದುವೆಯ ಮನೆಯವರು ಕೊಟ್ಟ ಐದು ನಾಣ್ಯದ ವಂಶದಲ್ಲಿ ಹುಟ್ಟಿದ ಕರವಿದು. ಪಾವತಿಯನ್ನು ಮಡಚಿ ಇಡುವ ಮೊದಲು ಆ ಸಾಲನ್ನೊಮ್ಮೆ ಓದಿರಿ. ಅದನ್ನು ಓದಿದವರಿಗೆ ಊರಿನ ಗ್ರಂಥಾಲಯದ ಬಾಗಿಲು ಎಷ್ಟು ಗಂಟೆಗೆ ತೆರೆಯುತ್ತದೆಂದು ಕೇಳುವ ಹಕ್ಕು ತಾನಾಗಿ ಬರುತ್ತದೆ.

ಮಕ್ಕಳಿಗೆ ಕೊಡಲು ಕನ್ನಡದಲ್ಲಿ ಏನಿತ್ತು? ಬಹಳವಿತ್ತು. ಪಂಜೆ ಮಂಗೇಶರಾಯರು ಮಂಗಳೂರಿನ ಕಡೆ ಮಕ್ಕಳ ಕಥೆ ಕವಿತೆಗಳಿಗೆ ದಾರಿ ಹಾಕಿದರು. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ಬಾಲಪ್ರಪಂಚವನ್ನು ಒಬ್ಬರೇ ಬರೆದು ಹೊರತಂದರು. ಜಿ.ಪಿ. ರಾಜರತ್ನಂ, ಕುವೆಂಪು ಮೊದಲಾದವರು ಮಕ್ಕಳಿಗಾಗಿ ಬರೆಯುವುದನ್ನು ಕಿರಿದೆಂದು ಬಗೆಯಲಿಲ್ಲ. 1940ರ ದಶಕದ ಕೊನೆಯಿಂದ ಚಂದಮಾಮ ಮನೆಮನೆಗೆ ಬಂದಿತು; ಈಗ ಅದು ನಿಂತುಹೋಗಿದೆ. ರಾಷ್ಟ್ರೋತ್ಥಾನ ಸಾಹಿತ್ಯದವರು ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಹೊರತಂದ ಭಾರತ ಭಾರತಿ ಮಾಲೆಯಲ್ಲಿ ಅಂಗೈಯಗಲದ ಐನೂರ ಹತ್ತು ಪುಸ್ತಕಗಳಿದ್ದವು. ನನ್ನ ವಯಸ್ಸಿನ ಎಷ್ಟೋ ಜನ ದೇಶದ ಹಿರಿಯರನ್ನು ಮೊದಲು ಕಂಡದ್ದು ಆ ಪುಟ್ಟ ಪುಟಗಳಲ್ಲಿಯೇ. ಹೀಗೆ ಬಾವಿಯಲ್ಲಿ ನೀರಿತ್ತು. ಹರವಿ ತುಂಬಿ ದಾರಿಗೆ ತಂದಿಡುವವರು ಬೇಕಾಗಿದ್ದರು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳದಿದ್ದರೆ ಈ ಬರಹ ಬರಿಯ ಉಪದೇಶವಾದೀತು.

ನಾನು ಮೊದಲ ಸಲ ಒಂದು ಶಾಲೆಯಲ್ಲಿ ಗ್ರಂಥಾಲಯದ ಹೊಣೆ ಹೊತ್ತಾಗ ನನ್ನ ಕೈಗೆ ಎರಡು ವಸ್ತುಗಳು ಬಂದವು: ಒಂದು ಕಪಾಟಿನ ಕೀಲಿಕೈ, ಇನ್ನೊಂದು ಡೆಡ್ ಸ್ಟಾಕ್ ರಿಜಿಸ್ಟರ್. ಒಂದು ಪುಸ್ತಕ ಕಡಿಮೆಯಾದರೂ ನಿಮ್ಮ ಪಗಾರದಿಂದ ಮುರಿದುಕೊಳ್ಳುತ್ತಾರೆಂದು ಹಿರಿಯರೊಬ್ಬರು ಹೆದರಿಸಿದ್ದರು. ಆ ಹೆದರಿಕೆಯಲ್ಲಿ ಹಲವು ವರ್ಷ ನಾನು ಮಾರ್ಚ್ ತಿಂಗಳಲ್ಲಿಯೇ ಎಲ್ಲ ಪುಸ್ತಕಗಳನ್ನು ಒಳಗೆ ತರಿಸಿ, ಎಣಿಸಿ, ಕೀಲಿ ಹಾಕಿಬಿಡುತ್ತಿದ್ದೆ. ಪುಸ್ತಕ ಹೊರಗೆ ಹೋಗಬೇಕಾದ ಕಾಲದಲ್ಲಿ ಅವನ್ನು ಒಳಗೆ ಕೂಡಿಹಾಕುತ್ತಿದ್ದೆ.

ಒಂದು ವರ್ಷ ಸೂಟಿ ಬಿಡುವ ದಿನ ಎಂಟನೆಯ ತರಗತಿಯ ಒಬ್ಬ ಹುಡುಗ ಬಂದ. ಮಾತು ಕಡಿಮೆ, ಪರೀಕ್ಷೆಯಲ್ಲಿಯೂ ಅಷ್ಟಕ್ಕಷ್ಟೆ. ಆದರೆ ತರಗತಿಯಲ್ಲಿ ನಾನು ಕಥೆ ಓದಿ ಹೇಳುವಾಗ ಮುಂದಿನ ಬೆಂಚಿಗೆ ಬಂದು ಕೂಡುತ್ತಿದ್ದ.

“ಸರ, ಆ ಕಥಿ ಪುಸ್ತಕ ಸೂಟಿಗೆ ಒಯ್ಯಲೇನ್ರಿ? ಜ್ವಾಕಿಲೆ ಇಡತೀನ್ರಿ” ಎಂದ.

“ಈಗ ಬ್ಯಾಡೊ ತಮ್ಮಾ, ಜೂನದಾಗ ಬಾ, ಕೊಡತೀನಿ” ಎಂದೆ ನಾನು.

“ಹೂನ್ರಿ” ಎಂದು ಹೋದ.

ಜೂನಿನಲ್ಲಿ ಅವನು ಬರಲಿಲ್ಲ. ಮನೆಯವರೊಡನೆ ಗೋವೆಗೆ ಕೂಲಿ ಕೆಲಸಕ್ಕೆ ಹೋದನೆಂದು ಅವನ ಓಣಿಯ ಮಕ್ಕಳು ಹೇಳಿದರು. ಒಂದು ಪುಸ್ತಕ ಕೊಟ್ಟಿದ್ದರೆ ಅವನ ಬಡತನ ನಿಲ್ಲುತ್ತಿರಲಿಲ್ಲ; ಅವನು ಹೋಗುವುದೂ ತಪ್ಪುತ್ತಿರಲಿಲ್ಲವೇನೊ. ಆದರೆ ಹೋಗುವಾಗ ಅವನ ಚೀಲದಲ್ಲಿ ಒಂದು ಪುಸ್ತಕವಾದರೂ ಇರುತ್ತಿತ್ತು. ಆ ವರ್ಷ ನನ್ನ ರಿಜಿಸ್ಟರಿನ ಲೆಕ್ಕ ಸರಿಯಾಗಿತ್ತು. ತಪಾಸಣೆಗೆ ಬಂದವರು ಮೆಚ್ಚಿ ಸಹಿ ಮಾಡಿದರು. ಆ ಸಹಿಯನ್ನು ನೋಡಿದಾಗಲೆಲ್ಲ ನನಗೆ ಆ “ಹೂನ್ರಿ” ಎಂಬ ದನಿ ಕೇಳುತ್ತದೆ.

ಬಹಳ ಕಾಲದ ಮೇಲೆ ಒಂದು ಸಂಗತಿ ತಿಳಿಯಿತು. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಗ್ರಂಥಾಲಯಗಳ ಬಗೆಗೆ ಒಂದು ಮಾತಿದೆ: ವರ್ಷವೊಂದರಲ್ಲಿ ಎರವಲು ಕೊಟ್ಟ ಅಥವಾ ಓದಲು ತೆಗೆದ ಪ್ರತಿ ಸಾವಿರ ಪುಸ್ತಕಗಳಿಗೆ ಐದು ಕಳೆದರೆ ಅದು ಸಹಜ ನಷ್ಟ, ಅಪ್ರಾಮಾಣಿಕತೆ ಅಥವಾ ಅಲಕ್ಷ್ಯ ಇಲ್ಲದಿದ್ದರೆ ಅದಕ್ಕೆ ಯಾರನ್ನೂ ಹೊಣೆ ಮಾಡಬೇಕಾಗಿಲ್ಲ. ಆ ನಿಯಮ ನಮ್ಮ ಹಳ್ಳಿಯ ಶಾಲೆಗೆ ನೇರವಾಗಿ ಅನ್ವಯಿಸದಿರಬಹುದು. ಆದರೆ ಅದರ ಹಿಂದಿನ ವಿವೇಕ ಎಲ್ಲ ಕಡೆಗೂ ಅನ್ವಯಿಸುತ್ತದೆ. ಅರವಟ್ಟಿಗೆಯಲ್ಲಿ ತಂಬಿಗೆ ಒಮ್ಮೊಮ್ಮೆ ಕಳೆಯುತ್ತದೆ. ಅದಕ್ಕಾಗಿ ಹರವಿಯ ಬಾಯಿ ಕಟ್ಟುವವರುಂಟೆ? ಆಮೇಲಿನ ವರ್ಷಗಳಲ್ಲಿ ನಾನು ಕೀಲಿ ತೆಗೆದೆ. ಹರಿದು ಬಂದ ಪುಸ್ತಕಗಳುಂಟು, ಮಸಿ ಹತ್ತಿ ಬಂದವುಗಳುಂಟು. ಬಾರದೆ ಉಳಿದವು ಬೆರಳೆಣಿಕೆಯಷ್ಟು. ಕಪಾಟಿನೊಳಗೆ ಗೆದ್ದಲು ತಿಂದವೇ ಅದಕ್ಕಿಂತ ಹೆಚ್ಚು.

ಈಗ ಸಂತೋಷದ ಸುದ್ದಿಗೆ ಬರುತ್ತೇನೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ನಮ್ಮ ರಾಜ್ಯದಲ್ಲಿ ಐದು ಸಾವಿರದ ಆರುನೂರಕ್ಕೂ ಮಿಕ್ಕಿವೆ. 2019ರಲ್ಲಿ ಇವನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಿಕೊಡಲಾಯಿತು. ಮರುವರ್ಷವೇ ಕೋವಿಡ್ ಬಂದು ಶಾಲೆಗಳು ತಿಂಗಳುಗಟ್ಟಲೆ ಮುಚ್ಚಿದವು. ಎರಡು ತಿಂಗಳ ಬೇಸಿಗೆ ಇಡೀ ವರ್ಷದ ಬೇಸಿಗೆಯಾಯಿತು. ಅಂಥ ಹೊತ್ತಿನಲ್ಲಿ, 2020ರ ನವೆಂಬರಿನಲ್ಲಿ, ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಹೊರಟಿತು. ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಊರಿನ ಗ್ರಂಥಾಲಯದ ಸದಸ್ಯತ್ವ ಉಚಿತ. ಲಕ್ಷಾಂತರ ಮಕ್ಕಳು ಹೆಸರು ಬರೆಯಿಸಿದರು. ವರ್ಗಣಿಯ ಹೊಸ್ತಿಲು ಹೀಗೆ ಅಳಿಯಿತು. ಕುಂಬಾರನ ಮಗಳು ಸರಸ್ವತೀ ಭಂಡಾರದೊಳಗೆ ಕಾಲಿಟ್ಟಳು. ಆ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ವೆಂಬ ಹೆಸರು. ಈಚಿನ ಬೇಸಿಗೆಗಳಲ್ಲಿ ಅವುಗಳ ಆಶ್ರಯದಲ್ಲಿ ಹಳ್ಳಿಯ ಮಕ್ಕಳ ಶಿಬಿರಗಳೂ ನಡೆಯುತ್ತಿವೆ: ಗಟ್ಟಿ ಓದು, ಕಥೆ ಹೇಳುವುದು, ಚಿತ್ರ, ಆಟ. ಪಟ್ಟಣದ ಶಿಬಿರಕ್ಕೆ ಹಣ ಕೊಡಲಾರದ ಮನೆಗಳಿಗೆ ಇದು ಸಣ್ಣ ಮಾತಲ್ಲ.

ಆದರೆ ಹೆಸರು ಬದಲಾದ ಮಾತ್ರಕ್ಕೆ ಹರವಿ ತುಂಬದು. ಬೇಸಿಗೆಯ ಓದು ನೆಲೆ ನಿಲ್ಲಬೇಕಾದರೆ ಏನು ಬೇಕೆಂಬುದನ್ನು ಅನುಭವದಿಂದ ಒಂದೆರಡು ಮಾತುಗಳಲ್ಲಿ ಹೇಳುವೆನು. ಮೊದಲನೆಯದು ಹೊತ್ತು. ನಮ್ಮ ಸೀಮೆಯ ಬಿಸಿಲಿನಲ್ಲಿ ಮಕ್ಕಳು ಬರುವುದು ಬೆಳಗಿನ ತಂಪಿನಲ್ಲಿ, ಇಲ್ಲವೆ ಹೊತ್ತಿಳಿದ ಮೇಲೆ. ಬಾಗಿಲೂ ಆಗಲೇ ತೆರೆದಿರಬೇಕು. ಎರಡನೆಯದು ಆಯ್ಕೆ. ಯಾವ ಪುಸ್ತಕವೆಂಬುದನ್ನು ಮಗುವೇ ಆರಿಸಲಿ. ಹನ್ನೆರಡು ವರ್ಷದ ಹುಡುಗಿ ಚಿತ್ರದ ಪುಸ್ತಕ ಎತ್ತಿಕೊಂಡರೆ ನಗಬಾರದು. ಮೂರನೆಯದು ಬಾಯಿ. ಕಣ್ಣಿನ ಓದಿಗೆ ಮೊದಲು ಬಾಯಿಯ ಓದು. ಹತ್ತನೆಯ ತರಗತಿಯವರು ಮೂರನೆಯ ತರಗತಿಯವರಿಗೆ ಗಟ್ಟಿಯಾಗಿ ಓದಿ ಹೇಳಿದರೆ ಇಬ್ಬರಿಗೂ ಲಾಭ. ಕಾವ್ಯವಾಚನ, ಪುರಾಣಶ್ರವಣಗಳ ನಾಡಿ ನಮ್ಮ ಜನರಲ್ಲಿ ಇನ್ನೂ ಬಡಿಯುತ್ತಿದೆ. ಬಾನುಲಿಯ ಮುಂದೆ ಕುಳಿತು ಕಥೆ ಕೇಳಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕನೆಯದು, ಪರೀಕ್ಷೆ ಬೇಡ. ಓದಿದ ಮೇಲೆ ಸಾರಾಂಶ ಬರೆ ಎಂದ ಕೂಡಲೇ ಸೂಟಿ ಮುಗಿದುಹೋಗುತ್ತದೆ. ಕೊನೆಯದು, ಊರಿನ ಮಾತು. ದೇಗಾಂವದ ಮಗು ತಿಪ್ಪೋಜನ ಕೆಲಸವನ್ನು ಮುಟ್ಟಿ ನೋಡಿ, ಕಮಲಾದೇವಿ ಯಾರೆಂದು ಕೇಳಿ, ಆಮೇಲೆ ಪುಸ್ತಕದಲ್ಲಿ ಹುಡುಕಲಿ. ಕಿತ್ತೂರಿನ ಮಗು ಕೋಟೆಯಿಂದ ಚೆನ್ನಮ್ಮನ ಕಥೆಗೆ ಹೋಗಲಿ. ಸವದತ್ತಿ, ರಾಮದುರ್ಗ, ಬೈಲಹೊಂಗಲದ ಮಕ್ಕಳಿಗೂ ತಮ್ಮ ತಮ್ಮ ಗುಡಿ ಕೋಟೆಗಳುಂಟು. ಕಣ್ಣೆದುರಿನ ಕಲ್ಲಿನಿಂದ ಹೊರಟ ಓದು ಬಹಳ ದೂರ ಸಾಗುತ್ತದೆ.

ಈ ಪತ್ರಿಕೆಯನ್ನು ಓದುವ ನೀವು ಬಹುಮಟ್ಟಿಗೆ ಪಟ್ಟಣವಾಸಿಗಳು. ನಿಮ್ಮ ಮನೆಯ ಅಟ್ಟದ ಮೇಲೆ ಮಕ್ಕಳು ಓದಿ ಬಿಟ್ಟ ಪುಸ್ತಕಗಳ ಗಂಟೊಂದು ಇದ್ದೇ ಇರುತ್ತದೆ. ನಿಮ್ಮ ಮೂಲದ ಹಳ್ಳಿಯೂ ಒಂದಿರುತ್ತದೆ. ಮದುವೆಗೋ ಜಾತ್ರೆಗೋ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿಯೇ ಹೋಗುವಿರಿ. ಹೋಗುವಾಗ ಆ ಗಂಟಿನಿಂದ ಆರು ಪುಸ್ತಕಗಳನ್ನು ತೆಗೆದುಕೊಂಡು ಹೋಗಿ, ಗ್ರಂಥಾಲಯದ ಮೇಲ್ವಿಚಾರಕರ ಕೈಗೆ ಕೊಡಿರಿ. ಕೊಟ್ಟ ಮೇಲೆ, ಅವನ್ನು ಕಪಾಟಿನಲ್ಲಿಡಬೇಡಿ, ಮಕ್ಕಳ ಕೈಗೆ ಹೋಗಲಿ, ಹರಿದರೂ ಚಿಂತೆಯಿಲ್ಲವೆಂದು ಒಂದು ಮಾತು ಹೇಳಿ ಬನ್ನಿರಿ. ಆ ಮಾತು ಕೇಳದೆ ಎಷ್ಟೋ ಕೀಲಿಗಳು ತೆರೆಯದೆ ಉಳಿದಿವೆಯೆಂಬುದನ್ನು ನಾನು ಬಲ್ಲೆ. ಅವುಗಳಲ್ಲಿ ಒಂದು ನನ್ನ ಕೈಯಲ್ಲಿಯೇ ಇತ್ತು.